ಈರಪ್ಪ ಕಾಕಾನ ಅಜೇಲಿಯಾ

ಈರಪ್ಪ ಕಾಕಾ ಗುಟ್ಟು ಹೇಳಿದರೂ ಓಣಿಗೆಲ್ಲ ಕೇಳುತ್ತಿತ್ತು. ಬನಹಟ್ಟಿಯ ಮಗ್ಗಗಳ ಸದ್ದಿನಲ್ಲಿ ಆಯುಷ್ಯ ಕಳೆದವರಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ನಾನು ಪಕ್ಕದ ಮನೆಯ ಬಾಡಿಗೆದಾರಳು, ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ. ಒಂದು ಬೆಳಿಗ್ಗೆ ಗೋಡೆಯಾಚೆಯಿಂದ ಕರೆದರು: "ಟೀಚರ್, ಈ ಗಿಡ ಯಾಕ ಸಾಯಾಕತ್ತೈತಿ, ಸ್ವಲ್ಪ ನೋಡ ಬರ್ರಿ."

ಅದು ಬೆಳಗಾವಿಯಿಂದ ತರಿಸಿದ ಅಜೇಲಿಯಾ, ತಂಪು ಸೀಮೆಯ ಹೂಗಿಡ; ನೆಲಕ್ಕೆ ಒರಗಿ ಹರಡುವ ಜಾತಿ. ಹಿಂದೊಮ್ಮೆ ಮಹಾಬಳೇಶ್ವರದಲ್ಲಿ ಅವರ ಹೆಂಡತಿ ಮಾದೇವಿ ಕಾಕು ಆ ಗುಲಾಬಿ ಬಣ್ಣದ ಹೂಗಳ ಮುಂದಿನಿಂದ ಕದಲಿರಲಿಲ್ಲವಂತೆ. ಈಗ ಕಾಕು ಬಿದ್ದು ಸೊಂಟದ ಎಲುಬು ಮುರಿದುಕೊಂಡು ಕಿಟಕಿ ಪಕ್ಕದ ಮಂಚ ಹಿಡಿದಿದ್ದರು. ಮಾತೂ ಹೆಚ್ಚುಕಡಿಮೆ ನಿಂತಿತ್ತು.

"ಎತ್ತರದ ಗಿಡ ಹಚ್ಚಿದ್ರ ಆಕಿಗಿ ಓಣಿ ಕಾಣಂಗಿಲ್ಲ. ಇದು ತಗ್ಗಿರತೈತಿ," ಎಂದರು ಕಾಕಾ.

"ಕರಿ ಮಣ್ಣು, ಬೋರಿನ ಸುಣ್ಣದ ನೀರು ಇದಕ್ಕ ಒಗ್ಗಂಗಿಲ್ರಿ. ಆಮ್ಲ ಇರೂ ಹುಳಿ ಮಣ್ಣು ಬೇಕು. ನಮ್ಮ ಬಿಸಿಲಿಗೆ ಉಳಿಯೂದು ಕಠಿಣ."

"ಕಠಿಣ ಅಂದ್ರಿ. ಆಗೂದ ಇಲ್ಲ ಅಂತ ಅನ್ನಲಿಲ್ಲಲ್ಲ."

ಆ ಗಿಡ ಸತ್ತಿತು. ಕಾಕಾ ಇನ್ನೆರಡು ತರಿಸಿದರು. ಖಾನಾಪುರದ ಕಡೆಯಿಂದ ಬರುವ ಲಾರಿಯಲ್ಲಿ ಕೆಂಪು ಮಣ್ಣು ಹೇರಿಸಿಕೊಂಡು, ಕೊಳೆತ ಎಲೆ ಬೆರೆಸಿ, ಕಿಟಕಿಯೆದುರು ಗೋಡೆಯ ನೆರಳಿನಲ್ಲಿ ಮಡಿ ಕಟ್ಟಿದರು. ಮಾಳಿಗೆಯ ಮಳೆನೀರು ಹಿಡಿದಿಟ್ಟರು. ಬೇಸಿಗೆಯಲ್ಲಿ ಅದೂ ತೀರಿದಾಗ ಶುದ್ಧ ನೀರಿನ ಘಟಕದಿಂದ ಕ್ಯಾನ್ ಹೊತ್ತು ತಂದರು.

"ಮಂದಿಗಿ ಬೋರಿನ ನೀರು, ಗಿಡಕ್ಕ ಕ್ಯಾನಿನ ನೀರೇನ್ರಿ?" ಎಂದು ಓಣಿಯ ಹೆಂಗಸರು ನಕ್ಕರು.

"ಗಿಡಕ್ಕಲ್ಲಬೇ, ನಮ್ಮಾಕಿಗಿ ತರಾಕತ್ತೇನಿ."

ಎರಡನೆಯ ವರ್ಷ ಚಳಿ ಇಳಿಯುವ ಹೊತ್ತಿಗೆ ಏಳು ಹೂ ಬಿಟ್ಟವು. ಕಾಕಾ ನನ್ನನ್ನೂ ಕರೆದು ಕಿಟಕಿ ತೆರೆದರು. ಕಾಕು ಬಹಳ ಹೊತ್ತು ನೋಡಿ, "ಮಹಾಬಳೇಶ್ವರದಾಗಿನವು ಇದಕ್ಕಿಂತ ದೊಡ್ಡೂ ಇದ್ದೂ," ಎಂದರು. ಕಾಕಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎಷ್ಟೋ ತಿಂಗಳ ಮೇಲೆ ಆಕೆ ಗಂಡನ ಕೆಲಸದಲ್ಲಿ ತಪ್ಪು ಹುಡುಕಿದ್ದರು.

ಮರುವರ್ಷ ನನಗೆ ಬೀಳಗಿಗೆ ವರ್ಗವಾಯಿತು. ಹೇಳಿ ಬರಲು ಹೋದಾಗ ಕಾಕಾ ಗಿಡದ ತಗ್ಗಿನ ಟೊಂಗೆಯೊಂದನ್ನು ಕತ್ತರಿಸದೆ ಬಗ್ಗಿಸಿ, ಬೇರು ಬಿಡಲೆಂದು ಮಣ್ಣಲ್ಲಿ ಹೂತು ಮೇಲೆ ಕಲ್ಲು ಹೇರುತ್ತಿದ್ದರು. ಕಿಟಕಿಯಲ್ಲಿ ಎದ್ದು ಕೂತಿದ್ದ ಕಾಕು, "ಅಲ್ಲಲ್ಲ, ಇನ್ನೊಂಚೂರು ಎಡಕ್ಕ," ಎನ್ನುತ್ತಿದ್ದರು.

"ಇದು ನಿಮಗ. ಬೇರು ಬಿಟ್ಟ ಮ್ಯಾಲ ಬಂದು ಒಯ್ರಿ, ಟೀಚರ್," ಎಂದರು ಕಾಕಾ.

ಮಳೆಗಾಲ ಕಳೆದು ನಾನು ಹೋಗುವಷ್ಟರಲ್ಲಿ ಕಾಕಾ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಕಾಕು ವಾಕರ್ ಊರಿಕೊಂಡು ನಿಧಾನವಾಗಿ ಅಂಗಳಕ್ಕೆ ಬಂದು ಆ ಟೊಂಗೆ ತೋರಿಸಿದರು.

"ದವಾಖಾನಿಗಿ ಹೋಗೂ ಮುಂದ ಹೇಳಿ ಹೋಗ್ಯಾರ. ಇದು ಟೀಚರ್‌ದು, ಯಾರೂ ಮುಟ್ಟಬ್ಯಾಡ್ರಿ ಅಂತ."