ಸಂಜೆ ಬಸ್ಸಿನ ಗ್ರೂಪು

ಕೊಪ್ಪಳದಲ್ಲಿ ನಾನು ಬಾಡಿಗೆಗಿದ್ದ ಕೋಣೆಯಲ್ಲಿ ದಿನವಿಡೀ ಮಾತಾಡುತ್ತಿದ್ದುದು ಫೋನ್ ಒಂದೇ, ಅದೂ ನನ್ನ ಜೊತೆಗಲ್ಲ. ಊರಿನ ಬೇಡಿಕೆಗಳಿಗಾಗಿ ಜನ ವಾಟ್ಸಾಪಿನಲ್ಲಿ ಹೇಗೆ ಒಂದಾಗುತ್ತಾರೆ ಎಂಬುದು ನನ್ನ ಪಿಎಚ್‌ಡಿ ವಿಷಯ. ಕುಷ್ಟಗಿಯ ನೀರಿನ ಗ್ರೂಪು, ಯಲಬುರ್ಗಾದ ರಸ್ತೆ ಗ್ರೂಪು, ಗಂಗಾವತಿಯ ಚರಂಡಿ ಗ್ರೂಪು, ಎಲ್ಲದಕ್ಕೂ ಒಪ್ಪಿಗೆ ಕೇಳಿಯೇ ಸೇರಿದ್ದೆ. ಗೈಡ್ ಸಾಹೇಬರ ಕಟ್ಟಪ್ಪಣೆ ಒಂದೇ: "ಓದಬೇಕು, ಬರೆಯಬಾರದು. ನೀವು ನಡುವೆ ಬಾಯಿ ಹಾಕಿದರೆ ಸಂಶೋಧನೆ ಕೆಟ್ಟಿತು." ಹಬ್ಬ ಬಂದರೆ ಶುಭಾಶಯಗಳ ಸುರಿಮಳೆ; ನಾನು ಒಂದು ಹೂವಿನ ಚಿತ್ರವನ್ನೂ ತಿರುಗಿ ಕಳಿಸುವಂತಿರಲಿಲ್ಲ. ಮದುವೆ ಮನೆಗೆ ಹೋಗಿ ಉಣ್ಣದೆ ಬಂದ ಹಾಗಾಗುತ್ತಿತ್ತು. ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮನಸ್ಸು ಹತ್ತಿದ್ದು ಅಳವಂಡಿ ಕಡೆಯ ಒಂದು ಹಳ್ಳಿಯ ಸಂಜೆ ಬಸ್ಸಿನ ಗ್ರೂಪಿಗೆ. ಅದನ್ನು ಮಾಡಿದವರು ಮನೆಯಲ್ಲೇ ಜಂಪರ್ ಹೊಲಿಯುವ ಒಬ್ಬ ತಾಯಿ. ಮಗಳು ಕೊಪ್ಪಳದಲ್ಲಿ ಬಿಎಸ್ಸಿ ಓದುತ್ತಿದ್ದಳು. ಪ್ರಾಕ್ಟಿಕಲ್ ಮುಗಿಯುವಷ್ಟರಲ್ಲಿ ಊರಿನ ಕೊನೆಯ ಬಸ್ಸು ಹೋಗಿರುತ್ತಿತ್ತು. ಟಂಟಂ ಆಟೊದ ಇಕ್ಕಟ್ಟಿನಲ್ಲಿ ಕೂತು ಕತ್ತಲಾದ ಮೇಲೆ ಬರುವ ಹುಡುಗಿಯನ್ನು ನೋಡಿ ನೋಡಿ ಅವಳ ಅಜ್ಜ ಹೇಳಿಬಿಟ್ಟಿದ್ದರು: ಯುಗಾದಿಯೊಳಗೆ ಬಸ್ಸು ಬರದಿದ್ದರೆ ಕಾಲೇಜು ಬಂದ್. ತಾಯಿ ಇದನ್ನೆಲ್ಲ ಗ್ರೂಪಿನಲ್ಲಿ ದನಿ ಮುದ್ರಿಸಿ ಹಾಕುತ್ತಿದ್ದರು, ಹಿಂದೆ ಹೊಲಿಗೆ ಮಷೀನಿನ ಸದ್ದು. ನಾನು ಊಟ ಮಾಡುತ್ತ ಆ ದನಿಯನ್ನು ಮತ್ತೆ ಮತ್ತೆ ಕೇಳುತ್ತಿದ್ದೆ. ಸಂಶೋಧನೆಗೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಕೊನೆಗೆ ಧರಣಿ ಅಂತಾಯಿತು. "ನಾಳಿ ಕೊಪ್ಪಳಕ್ಕ ಯಾರ್ಯಾರು ಬರ್ತೀರಿ, ಹಾಕ್ರಿ," ಎಂದರು ತಾಯಿ. "ಬರ್ತೀನ್ರಿ ಅಕ್ಕಾರ," "ಬರ್ತೀನ್ರಿ," ಸಾಲುಸಾಲಾಗಿ ಬಿದ್ದವು. ಎಲ್ಲರನ್ನೂ ಭಾಗವಹಿಸುವವರ ಲೆಕ್ಕಕ್ಕೆ ಸೇರಿಸಿದೆ.

ಮರುದಿನ ಬಸ್ ಡಿಪೊ ಆಫೀಸಿನ ಮುಂದೆ ಬೇವಿನ ಗಿಡದ ಕೆಳಗೆ ತಾಡಪತ್ರಿ ಹಾಸಿಕೊಂಡು ತಾಯಿ, ಮಗಳು ಇಬ್ಬರೇ ಕೂತಿದ್ದರು. ರಸ್ತೆಯಾಚೆ ನಿಂತಿದ್ದ ನಾನು ತಡೆಯಲಾರದೆ ಹತ್ತಿರ ಹೋಗಿ ಕೇಳಿದೆ: "ಎಲ್ಲಾರೂ ಬರ್ತೀನಿ ಅಂದಿದ್ರಲ್ರಿ?"

"ನಮ್ಮ ಕಡಿ ಹೋಗೋರೂ ಬರ್ತೀನಿ ಅಂತನ ಹೇಳಿ ಹೋಗ್ತಾರಲ್ರಿ ಮೇಡಂ," ಎಂದು ತಾಯಿ ನಕ್ಕರು.

ನಾನೂ ನಕ್ಕೆ. ಮನೆ ಬಿಡುವಾಗ 'ಹೋಗ್ತೀನಿ' ಅಂದದ್ದಕ್ಕೆ ಅವ್ವನ ಕೈಲಿ ಬೈಸಿಕೊಂಡೇ ಬೆಳೆದವಳು ನಾನು, ಆದರೂ ಲೆಕ್ಕ ಹಾಕುವಾಗ ಅದು ಹೊಳೆದಿರಲಿಲ್ಲ. ತಾಯಿಯ ನಗು ಬೇಗ ನಿಂತಿತು. "ನೀವರ ಬರ್ರಿ, ಕುಂದರ್ರಿ. ಮೂರು ಮಂದಿ ಆಗ್ತೀವಿ."

ಗೈಡ್ ನೆನಪಾದರು. ಚಪ್ಪಲಿ ಬಿಟ್ಟು ಕೂತೆ. ಮಧ್ಯಾಹ್ನ ಬುತ್ತಿ ಬಿಚ್ಚಿ ನನ್ನ ಕೈಗೂ ರೊಟ್ಟಿ, ಪುಂಡಿಪಲ್ಯ ಇಟ್ಟರು. ಆ ಊರಿಗೆ ಬಂದ ಮೇಲೆ ಯಾರ ಜೊತೆಗಾದರೂ ಕೂತು ಉಂಡದ್ದು ಅದೇ ಮೊದಲು.

"ಧರಣಿ ಕೂತವರು ಧರಣಿ ಬಗ್ಗೆ ಬರೆಯೋ ಹಾಗಿಲ್ಲ," ಎಂದು ಗೈಡ್ ಆ ಅಧ್ಯಾಯವನ್ನೇ ಹೊಡೆದುಹಾಕಿದರು. ನನಗೇನೂ ಬೇಜಾರಾಗಲಿಲ್ಲ.

ಯುಗಾದಿಗೆ ಮುಂಚೆಯೇ ಬಸ್ಸು ಬಂತು. ಬಸ್ಸಿನ ಮುಂದೆ ಕಾಯಿ ಒಡೆಯುವ ಫೋಟೊ ಗ್ರೂಪಿಗೆ ಬಿತ್ತು. ಅವತ್ತು ಧರಣಿಗೆ ಬಾರದವರೆಲ್ಲ ಅದರಲ್ಲಿ ಹಲ್ಲು ಬಿಟ್ಟು ನಿಂತಿದ್ದರು. ಊರಿನವರು ಊರಲ್ಲೇ ಮಾತಾಡಿಕೊಂಡು ಮಾಡಿದ ಪೂಜೆ. ನನ್ನನ್ನು ಕರೆಯಬೇಕೆಂದು ಯಾರಿಗೂ ನೆನಪಾಗಿರಲಿಲ್ಲ.

ಕೆಲಸ ಮುಗಿದ ಮೇಲೆ ಗ್ರೂಪು ಯಾರಿಗೆ ಬೇಕು? "ಎಲ್ಲಾರಿಗೂ ಶರಣ್ರಿ," ಎಂದು ಹಾಕಿ ತಾಯಿ ಹೊರಬಿದ್ದರು. ಉಳಿದವರೂ ಒಬ್ಬೊಬ್ಬರಾಗಿ ಬಿಟ್ಟರು. ಒಂದು ಮಧ್ಯಾಹ್ನ ನೋಡಿದರೆ ಇದ್ದವಳು ನಾನೊಬ್ಬಳೇ. ಬೇರೆ ಗತಿಯಿಲ್ಲದೆ ಫೋನು ನನ್ನನ್ನೇ ಅಡ್ಮಿನ್ ಮಾಡಿತ್ತು. ತಾಯಿಯ ನಂಬರಿತ್ತು, ಫೋನ್ ಹಚ್ಚಬಹುದಿತ್ತು. ಏನಂತ ಹಚ್ಚಲಿ? ಅವರಿಗೆ ನಾನು ಮೇಡಂ, ಈಗ ಅವರ ಹತ್ತಿರ ಕೆಲಸವೂ ಇಲ್ಲದ ಮೇಡಂ.

ಆ ಗ್ರೂಪಿನಲ್ಲಿ ಮೊದಲ ಸಲ ಬರೆದೆ: "ಬಸ್ಸು ಟೈಮಿಗೆ ಬರ್ತೈತೇನ್ರಿ ಅಕ್ಕಾರ? ಆಕಿ ಕಾಲೇಜಿಗೆ ಹೊಂಟಾಳೇನ್ರಿ?"

ಒಂದೇ ಟಿಕ್ ಬಿತ್ತು. ಓದುವವಳೂ ನಾನೇ.