ಹೂಳಿಗೆ ಇಳಿದ ದಿನ

ಕಳೆದ ತಿಂಗಳು ರಾಜರಾಜೇಶ್ವರಿನಗರದ ನಮ್ಮ ಅಪಾರ್ಟ್‌ಮೆಂಟಿನ ಗಿಡಗಳಿಗೆಂದು ಒಂದು ಲಾರಿ ಕೆರೆಯ ಗೋಡುಮಣ್ಣು ತಂದು ಸುರಿದರು. ಇನ್ನೂ ಹಸಿ ಆರದ ಕಪ್ಪು ಮಣ್ಣು. ಕೊಳೆತ ಜೊಂಡಿನ ಆ ವಾಸನೆ ಮೂಗಿಗೆ ಬಡಿದದ್ದೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. "ಏನಾಯ್ತು ಆಂಟಿ, ಬಿಪಿನಾ?" ಎಂದು ವಾಚ್‌ಮನ್ ಓಡಿಬಂದ. ಐವತ್ತು ವರ್ಷದ ಹಿಂದಿನ ಹೆದರಿಕೆ ಇದು ಎಂದು ಅವನಿಗೆ ಹೇಗೆ ಹೇಳಲಿ...

ಆಗ ನಾವು ರಾಜಾಜಿನಗರದಲ್ಲಿದ್ದೆವು. ನನಗೆ ಹದಿನೇಳು, ಪಿಯುಸಿ ಓದುತ್ತಿದ್ದೆ. ಎದುರುಮನೆಯಲ್ಲಿ ಒಬ್ಬರು ಟೀಚರಮ್ಮ ಒಂಟಿಯಾಗಿದ್ದರು. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದರು. ರಜೆ ಬಂತೆಂದರೆ ಕಾಗದದ ಸುರುಳಿ, ಬ್ರಶ್ಶು, ಮಸಿಡಬ್ಬಿ ಚೀಲಕ್ಕೆ ಹಾಕಿಕೊಂಡು ಹಳ್ಳಿಗಳಿಗೆ ಹೊರಡುತ್ತಿದ್ದರು. ಶಾಸನದ ಕಲ್ಲಿಗೆ ಒದ್ದೆ ಕಾಗದ ಮೆತ್ತಿ, ತಟ್ಟಿ, ಮೇಲೆ ಮಸಿ ಒತ್ತಿದರೆ ಕಪ್ಪಿನ ನಡುವೆ ಅಕ್ಷರಗಳು ಬೆಳ್ಳಗೆ ಏಳುತ್ತಿದ್ದವು. ಬೀದಿಯ ಹೆಂಗಸರು ಅವರನ್ನು 'ಕಲ್ಲು ಟೀಚರ್' ಎಂದು ಆಡಿಕೊಳ್ಳುತ್ತಿದ್ದರು. ನನಗೆ ಮಾತ್ರ ಒಮ್ಮೆಯಾದರೂ ಅವರ ಜೊತೆ ಹೋಗಬೇಕೆಂಬ ಆಸೆ.

ಅಪ್ಪ ಮುಂಗೋಪಿ. ನಾನು ಕಾಲೇಜಿಗೆ ಹೋಗುವುದೇ ಅವರಿಗೆ ಇಷ್ಟವಿರಲಿಲ್ಲ. ಟೀಚರೇ ಬಂದು ಕೇಳಿದ್ದಕ್ಕೆ ಹೂಂ ಎಂದರು. ಅವರು ಹೋದ ಮೇಲೆ ನನ್ನನ್ನು ಕರೆದು, "ಅವ್ರು ಹೇಳಿದ ಹಾಗೆ ಕೇಳ್ಬೇಕು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಕಾಲೇಜೂ ಇಲ್ಲ, ಏನೂ ಇಲ್ಲ, ತಿಳೀತಾ?" ಎಂದರು.

ಬೇಸಿಗೆ ರಜೆ. ಕೆಂಗೇರಿಯಲ್ಲಿ ಬಸ್ಸಿಳಿದು ಎರಡು ಗಂಟೆ ನಡೆದೆವು. ಊರ ಸುತ್ತಲಿನ ಮಣ್ಣುಕೋಟೆ ಕರಗಿ, ಬಾಗಿಲ ಎರಡು ಕಲ್ಲುಗಂಬ ಮಾತ್ರ ನಿಂತಿದ್ದವು. ಪಾಳೇಗಾರರ ಕಾಲಕ್ಕಿಂತಲೂ ಹಳೆಯ ಊರು ಎಂದರು ಟೀಚರ್. ಊರಾಚೆ ಕೆರೆ. ಏರಿಯುದ್ದಕ್ಕೂ ಹೊಂಗೆ ಮರಗಳ ತಂಪು, ಎದುರಿಗೆ ಬೋಳು ಬಂಡೆಯ ಗುಡ್ಡ. ನೀರು ಬತ್ತಿ ನಡುವೆ ಒಂದಿಷ್ಟು ಮಾತ್ರ ಉಳಿದಿತ್ತು, ಅದರ ಅಂಚಿನಲ್ಲಿ ಬೆಳ್ಳಕ್ಕಿಗಳು.

ಟೀಚರ್ ಏರಿಯ ಬುಡದಲ್ಲಿದ್ದ ಶಾಸನಕ್ಕೆ ಕಾಗದ ಮೆತ್ತತೊಡಗಿದರು. ಕೆರೆಯೊಳಗೆ, ಇಪ್ಪತ್ತು ಮಾರು ದೂರದಲ್ಲಿ, ಒಂದು ವೀರಗಲ್ಲು ವಾಲಿಕೊಂಡು ನಿಂತಿತ್ತು. ನಾನು ಅತ್ತ ನೋಡುವುದನ್ನು ಕಂಡು, "ಅಲ್ಲಿಗೆ ಹೋಗ್ಬೇಡ ಕಣೇ. ಮೇಲೆ ಒಣಗಿದೆ ಅಷ್ಟೆ, ಕೆಳಗೆಲ್ಲ ಹೂಳು," ಎಂದರು.

ಅದರಲ್ಲೂ ಅಕ್ಷರವಿದ್ದರೆ ನಾನೇ ಮೊದಲು ಓದಿ ಅವರಿಗೆ ಹೇಳಬೇಕು ಅನ್ನಿಸಿತು. ಅವರು ಬೆನ್ನು ತಿರುಗಿಸಿದಾಗ ಇಳಿದೆ. ನಾಲ್ಕೈದು ಹೆಜ್ಜೆ ಇಡುವಷ್ಟರಲ್ಲಿ ಬಿರುಕುಬಿಟ್ಟ ಮಣ್ಣು ಹಪ್ಪಳದಂತೆ ಮುರಿಯಿತು. ಮೊದಲು ಮೊಣಕಾಲು, ಕಿತ್ತುಕೊಳ್ಳಲು ಹೋದರೆ ತೊಡೆ, ಆಮೇಲೆ ಸೊಂಟ. ಒಳಗೆ ಬೆಣ್ಣೆಯಂಥ ತಣ್ಣನೆಯ ಕೆಸರು. ನೆಲ ಎಂಬುದೇ ಇರಲಿಲ್ಲ. ಕೂಗಲು ಬಾಯಿ ತೆರೆದೆ, ದನಿ ಬರಲಿಲ್ಲ. ಬೆಳ್ಳಕ್ಕಿಗಳು ಒಮ್ಮೆಲೇ ಹಾರಿದ್ದಕ್ಕೆ ಟೀಚರ್ ತಿರುಗಿ ನೋಡಿದರು.

"ಒದ್ದಾಡ್ಬೇಡ! ಒದ್ದಾಡಿದಷ್ಟೂ ಇಳೀತೀಯ. ಹಿಂದಕ್ಕೆ ಒರಗು, ಹಾಸಿಗೆ ಮೇಲೆ ಮಲಗೋ ಹಾಗೆ. ನನ್ನನ್ನೇ ನೋಡ್ತಿರು."

ಟೀಚರ್ ಗಟ್ಟಿ ನೆಲದ ಅಂಚಿಗೆ ಬಂದು, ಅತ್ತಿತ್ತ ನೋಡಿ, ಉಟ್ಟ ಸೀರೆಯನ್ನು ಸರಸರನೆ ಬಿಚ್ಚಿದರು. ತುದಿಗೆ ಕಲ್ಲು ಕಟ್ಟಿ ಎಸೆದರು. ಎರಡು ಸಲ ತಪ್ಪಿತು. ಮೂರನೆಯ ಸಲ ಕೈಗೆ ಸಿಕ್ಕಿತು. ಕಂಕುಳ ಕೆಳಗೆ ಸುತ್ತಿ ಗಂಟು ಹಾಕಿಕೊಂಡೆ. ಕೆಸರು ಎದೆಗೆ ಬಂದಿತ್ತು. ಲಂಗ ರವಿಕೆಯಲ್ಲಿ ನೆಲಕ್ಕೆ ಬೋರಲು ಮಲಗಿ ಅವರು ಎಳೆಯುತ್ತಿದ್ದರು. ಅವರ ಕೂಗು ಕೇಳಿ ದನ ಮೇಯಿಸುತ್ತಿದ್ದ ಮುದುಕರೊಬ್ಬರು ಓಡಿಬಂದು ಕೈಗೂಡಿಸಿದರು. ಎಷ್ಟು ಹೊತ್ತು ಹಿಡಿಯಿತೋ... ದಡಕ್ಕೆ ಬಂದು ಬಿದ್ದಾಗ ಆ ಹಿರಿಯರು ಹೆಗಲ ಕಂಬಳಿಯನ್ನು ಟೀಚರ್ ಕಡೆ ಚಾಚಿ, ಮುಖವನ್ನು ಗುಡ್ಡದ ಕಡೆಗೆ ತಿರುಗಿಸಿಕೊಂಡು, "ಹೊದ್ಕಳವ್ವ," ಎಂದರು.

ಊರ ಬಾವಿಯ ಬಳಿ ಮೈ ತೊಳೆದು, ಸೀರೆ ಜಾಲಿಸಿ ಒದ್ದೆಯಲ್ಲೇ ಉಟ್ಟುಕೊಂಡು ಟೀಚರ್ ನನ್ನನ್ನು ಕರೆತಂದರು. ಒಂದು ಮಾತೂ ಬೈಯಲಿಲ್ಲ. ಬಸ್ಸು ರಾಜಾಜಿನಗರ ಸಮೀಪಿಸಿದಂತೆ, ಅಪ್ಪನ ಕಣ್ಣಿಗೆ ಬೀಳಬಾರದೆಂದು ಜಡೆಯಲ್ಲಿ ಉಳಿದಿದ್ದ ಕೆಸರನ್ನು ಉಗುರಿನಿಂದ ಕೆರೆಯತೊಡಗಿದೆ.

ಅಪ್ಪ ಬಾಗಿಲಲ್ಲೇ ನಿಂತಿದ್ದರು. "ಏನೇ ಇದು ಅವತಾರ?" ಟೀಚರ್ ಬಾಯಿ ತೆರೆಯುವ ಮೊದಲೇ ನಾನು ಎಲ್ಲ ಒದರಿದೆ. ಕೆರೆ, ಹೂಳು, ಸೀರೆ, ದನ ಮೇಯಿಸುವ ಮುದುಕರು. "ಹೇಳಿದ ಹಾಗೆ ಕೇಳು ಅಂದಿರ್ಲಿಲ್ವಾ? ಯಾಕಿಳಿದೆ?" ಎಂದು ಅಪ್ಪ ಗುಡುಗಿದಾಗ, "ಟೀಚರೇ ಹೋಗು ಅಂದ್ರು," ಎಂದುಬಿಟ್ಟೆ.

ಟೀಚರ್ ನನ್ನ ಕಡೆ ನೋಡಿದರು. ಸಿಟ್ಟಿನ ನೋಟವಲ್ಲ. ನಾನು ಎಷ್ಟು ಹೆದರಿದ್ದೇನೆಂದು ಅಳೆಯುವಂತೆ ನೋಡಿದರು. ಆಮೇಲೆ ಅಪ್ಪನಿಗೆ, "ತಪ್ಪಾಯ್ತು ಸಾರ್. ನಾನು ಜೋಪಾನ ಮಾಡ್ಬೇಕಿತ್ತು," ಎಂದರು.

"ನಾಚಿಕೆ ಆಗ್ಬೇಕು ನಿಮ್ಗೆ. ಇನ್ನು ನಮ್ಮನೆ ಹೊಸಿಲು ತುಳೀಬೇಡಿ."

ಮರುದಿನವೇ ಸೀರೆಯ ವಿಷಯ ಬೀದಿಗೆಲ್ಲ ಗೊತ್ತಾಯಿತು. ಗಂಡಸಿನ ಮುಂದೆ ಸೀರೆ ಬಿಚ್ಚಿದವಳು ಎಂದರು. ಯಾಕೆ ಬಿಚ್ಚಿದರೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಬೇಸಿಗೆಯೆಲ್ಲ ಕಿಟಕಿಯ ಬಳಿ ಹೋಗಲೂ ಹೆದರುತ್ತಿದ್ದೆ, ಎಲ್ಲಿ ಅವರ ಕಣ್ಣಿಗೆ ಬೀಳುತ್ತೇನೋ ಎಂದು. ಮಳೆಗಾಲ ಹಿಡಿಯುವುದರೊಳಗೆ ಅವರು ಮನೆ ಖಾಲಿ ಮಾಡಿ ತುಮಕೂರಿನ ಕಡೆ ಹೋದರು. ನನ್ನ ಕಾಲೇಜು ನಿಲ್ಲಲಿಲ್ಲ.

ಹಳೆಯ ಬೀದಿಯವರನ್ನು ಕೇಳಿ ಕೇಳಿ ಕೊನೆಗೆ ಮೊನ್ನೆ ಅವರ ತಂಗಿಯ ಮಗಳ ನಂಬರು ಸಿಕ್ಕಿತು. ಫೋನ್ ಮಾಡಿದೆ. "ದೊಡ್ಡಮ್ಮ ಹೋಗಿ ಆರು ವರ್ಷ ಆಯ್ತಲ್ಲ," ಎಂದಳು. ನಾನು ಯಾರೆಂದು ಹೇಳಿದೆ, ಆಡಿದ ಸುಳ್ಳನ್ನೂ ಹೇಳಿದೆ.

"ಕೆರೆ ಕಥೆ ಹೇಳ್ತಿದ್ರು ಆಂಟಿ. ಆ ಹುಡುಗೀದು ಎಂಥ ಧೈರ್ಯ, ಹೇಳಿದ ಹಾಗೆ ಅಲ್ಲಾಡದೆ ಇದ್ದು ಬದುಕ್ಕೊಂಡ್ಳು ಅಂತ. ಮನೆಗೆ ಬಂದ ಮೇಲಿಂದು... ಅದನ್ನ ಯಾವತ್ತೂ ಹೇಳ್ಲಿಲ್ಲ."

ಅಪ್ಪ ತೀರಿಕೊಂಡು ಮೂವತ್ತು ವರ್ಷವಾಯಿತು. ಹೆದರಿಸುವವರು ಯಾರೂ ಉಳಿಯದ ಮೇಲೆ ನಿಜ ಹೇಳಿದ್ದೇನೆ. ಅದನ್ನು ಕೇಳಿಸಿಕೊಳ್ಳಬೇಕಾಗಿದ್ದವರೂ ಉಳಿದಿಲ್ಲ.