ಮನೆಗೆ ಎಐ ಯಂತ್ರ ತರುವ ಮುಹೂರ್ತ

ಒಂದು ವಸ್ತುವನ್ನು ಕೊಳ್ಳದೇ ಇರುವುದಕ್ಕೆ ನನ್ನಷ್ಟು ಶ್ರಮಪಟ್ಟವರು ಕಾಡುಗೋಡಿಯಲ್ಲಿ ಇನ್ನೊಬ್ಬರು ಇರಲಾರರು. ಎರಡು ವರ್ಷ ನಾನು ಒಂದು ಕಂಪ್ಯೂಟರ್ ಕೊಳ್ಳಲಿಲ್ಲ. ಸುಮ್ಮನೆ ಕೊಳ್ಳದೆ ಕೂತವನಲ್ಲ. ದಿನಾ ಬೆಳಿಗ್ಗೆ ಕಾಫಿಯ ಜೊತೆ ಅದರ ಬೆಲೆ ನೋಡಿ, ಮೂರು ವಿಮರ್ಶೆ ಓದಿ, ಒಂದು ವಿಡಿಯೊ ನೋಡಿ, ಆಮೇಲೆ ಕೊಳ್ಳದೆ ಆಫೀಸಿಗೆ ಹೋಗುತ್ತಿದ್ದೆ.

ಬೇಕಾಗಿದ್ದದ್ದು ನನಗಲ್ಲ, ಅಕ್ಕನಿಗೆ. ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಅಕ್ಕ ನಮ್ಮ ಜೊತೆಗೇ ಇದ್ದಾಳೆ. ಬರುವಾಗ ಸೀರೆಗಳಿಗಿಂತ ಹೆಚ್ಚಾಗಿ ಡೈರಿಗಳನ್ನು ತಂದಳು, ಕಾಲೇಜಿನ ದಿನಗಳಿಂದ ಬರೆದವು, ಒಂದು ಟ್ರಂಕಿನ ತುಂಬ. ಎರಡು ವರ್ಷದ ಹಿಂದೆ ಕಣ್ಣಿನ ಡಾಕ್ಟರು, ದೃಷ್ಟಿ ನಡುಭಾಗದಿಂದ ಸವೆಯುತ್ತಿದೆ, ಕನ್ನಡಕದಿಂದ ಸರಿಹೋಗುವಂಥದ್ದಲ್ಲ ಎಂದರು. ಮನೆಗೆ ಬಂದ ಅಕ್ಕ ಕೇಳಿದ್ದು ಒಂದೇ ಮಾತು: "ತಮ್ಮಾ, ನನ್ನ ಡೈರಿ ಇನ್ನ ನನಗ ಯಾರು ಓದಿ ಹೇಳ್ತಾರ?"

ನಾನೇ ಓದುತ್ತೇನೆ ಎಂದೆ. "ನೀ ಬ್ಯಾಡ," ಎಂದಳು. ನನ್ನ ಹೆಂಡತಿಯೂ ಬೇಡವಂತೆ. ಅರವತ್ತು ದಾಟಿದ ಅಕ್ಕನ ಮುಖ ಕೆಂಪಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಗ ನನಗೆ ಎಐ ಹೊಳೆಯಿತು. ಪುಟದ ಫೋಟೊ ತೆಗೆದು ಕಳಿಸಿದರೆ ಕೈಬರಹವನ್ನು ಓದಿ ಹೇಳುತ್ತದೆ ಎಂದು ವಿವರಿಸಿದೆ. ಎಲ್ಲಿಗೆ ಕಳಿಸುವುದು ಎಂದು ಕೇಳಿದಳು. ಯಾವುದೋ ದೂರದ ಕಂಪನಿಗೆ ಎಂದೆ.

"ಮದುವಿಗೆ ಹೋದ್ರೂ ಟ್ರಂಕಿನ ಕೀಲಿ ಸೊಂಟಕ್ಕ ಸಿಗಿಸ್ಕೊಂಡು ಹೋಗಾಕಿ ನಾನು. ಕಂಪನಿಗೆ ಕಳಸ್ತೀಯಾ?"

ಸರಿ, ಮನೆಯಿಂದ ಒಂದಕ್ಷರವೂ ಹೊರಹೋಗದಂತೆ ಇಲ್ಲೇ ಎಐ ನಡೆಸುವ ಯಂತ್ರ ತರುತ್ತೇನೆ ಎಂದು ಮಾತು ಕೊಟ್ಟೆ. ಅಂಥದಕ್ಕೆ ಭಾರಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್ ಬೇಕು. ಮಾತು ಕೊಟ್ಟ ವಾರವೇ ಹೊಸ ಕಾರ್ಡ್ ಬರಲಿದೆ ಎಂಬ ಸುದ್ದಿ ಬಂತು. ಹೊಸದು ಬಂದ ಮೇಲೆ ಹಳೆಯದು ಅಗ್ಗವಾಗಲಿ ಎಂದು ಕಾದೆ. ಅಷ್ಟರಲ್ಲಿ ಸಣ್ಣ ಯಂತ್ರದಲ್ಲೇ ಓಡುವ ಎಐ ಬರುತ್ತಿದೆ ಎಂದರು, ಅದಕ್ಕೂ ಕಾದೆ. ಕೊನೆಗೆ ಮೆಮೊರಿಗೇ ಬರ ಬಂದು ಎಲ್ಲದರ ಬೆಲೆಯೂ ಏರಿ ಕೂತಿತು. "ಈಗ ತಗೋಬೇಡ ಗುರು, ಸ್ವಲ್ಪ ತಡಿ" ಎಂದು ಆಫೀಸಿನ ಗೆಳೆಯರು ಹೇಳುತ್ತಿದ್ದರು. ಸೋಮಾರಿಗೆ ಇದಕ್ಕಿಂತ ಹಿತವಾದ ಬುದ್ಧಿಮಾತು ಬೇರೊಂದಿಲ್ಲ.

ನಮ್ಮ ಮನೆಯ ಮಾಲೀಕರು ಮುನಿರಾಜಣ್ಣ, ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಬೆಳೆದಿರುವವರು. ಅವರು ಕೊಳ್ಳಲಿದ್ದ ಹೊಸ ಸ್ಕೂಟರ್ ಯಾವಾಗ ಎಂದು ಕೇಳಿದರೆ, ಆಷಾಢ ಕಳೆಯಲಿ ಎಂದರು. ಈ ಕಾಲದಲ್ಲೂ ಆಷಾಢವೇ ಎಂದು ನಾನು ನಕ್ಕೆ. ನನ್ನ ಕಂಪ್ಯೂಟರಿನ ಕಥೆಯನ್ನು ಅವರು ಎರಡು ವರ್ಷದಿಂದ ಕೇಳುತ್ತ ಬಂದವರು.

"ಅಂಗಲ್ಲ ಸಾರ್. ನಮ್ ಆಸಾಡ ಒಂದೇ ತಿಂಗ್ಳು. ಅಮಾಸೆ ಕಳುದ್ರೆ ಗಾಡಿ ತಂದೇ ತರ್ತೀನಿ. ನಿಮ್ದು ಯಾವತ್ತು ಕಳೀತದೆ?"

ಆಮೇಲೆ ಯೋಚಿಸಿದರೆ, ಪಂಚಾಂಗ ಬರೆದವರು ನಿಜಕ್ಕೂ ಕರುಣಾಳುಗಳು. ರಾಹುಕಾಲಕ್ಕೆ ಒಂದೂವರೆ ಗಂಟೆಯ ಗಡಿ ಹಾಕಿದರು, ಅಧಿಕಮಾಸವನ್ನೂ ಒಂದೇ ತಿಂಗಳಿಗೆ ನಿಲ್ಲಿಸಿದರು. ಬೇಡವೆಂದ ಬಾಯಿಂದಲೇ, ಇಷ್ಟು ಹೊತ್ತಿನ ನಂತರ ಧಾರಾಳವಾಗಿ ಮಾಡು ಎಂದರು. ನಾನು ನಂಬಿದ ವಿಡಿಯೊಗಳಲ್ಲಿ ಅಶುಭ ಕಾಲ ಮಾತ್ರ ಇತ್ತು, ಅದು ಮುಗಿಯುವ ತಿಥಿ ಇರಲಿಲ್ಲ.

ಆ ವಾರವೇ ಒಂದು ಬೆಳಿಗ್ಗೆ ಅಕ್ಕ ಕಿಟಕಿಯ ಹತ್ತಿರ ಡೈರಿ ಹಿಡಿದು ಕೂತಿದ್ದಳು. ಪುಟವನ್ನು ಬಲಕ್ಕೆ ಓರೆ ಮಾಡಿದಳು, ಎಡಕ್ಕೆ ಮಾಡಿದಳು, ಭೂತಗನ್ನಡಿ ಹಿಡಿದಳು, ಆಮೇಲೆ ಕನ್ನಡಿಯನ್ನು ಬದಿಗಿಟ್ಟು ಅಕ್ಷರಗಳ ಮೇಲೆ ಸುಮ್ಮನೆ ಬೆರಳಾಡಿಸಿದಳು. ಅದೇ ಸಂಜೆ, ಏರಿದ ಬೆಲೆಗೇ ಯಂತ್ರ ತಂದೆ. ಮುನಿರಾಜಣ್ಣ "ಇನ್ನೊಂಬತ್ ದಿನ ತಡೀಬಾರ್ದಾ ಸಾರ್!" ಎಂದು ಪೇಚಾಡಿ, ತಾವೇ ಅದಕ್ಕೊಂದು ಕುಂಕುಮದ ಬೊಟ್ಟು ಇಟ್ಟು ಹೋದರು.

ಯಂತ್ರ ಬಂತು, ಆದರೆ ಅಕ್ಕನ ಕೈಬರಹ ಅದಕ್ಕೆ ಹತ್ತಲಿಲ್ಲ. ಸಾಲಿಗೊಂದು ಕಡೆ ಎಡವಿತು. ಒಂದಷ್ಟು ಪುಟಗಳನ್ನು ಸರಿಯಾಗಿ ಟೈಪ್ ಮಾಡಿ ತೋರಿಸಿದರೆ ಕಲಿಯುತ್ತದೆ. ಎರಡು ವರ್ಷದ ಹಿಂದಾಗಿದ್ದರೆ ಭೂತಗನ್ನಡಿ ಹಿಡಿದು ಅಕ್ಕನೇ ಅದಕ್ಕೆ ಪಾಠ ಮಾಡುತ್ತಿದ್ದಳು. ಈಗ ಅವಳಿಗೆ ಆಗದು. ಅಗ್ಗಕ್ಕೆ ಕಾಯುತ್ತ ನಾನು ಕಳೆದದ್ದು ನನ್ನ ಕಾಲವನ್ನಲ್ಲ, ಅವಳ ಕಣ್ಣನ್ನು. ಹಾಗೆಂದು ಅವಳೆದುರು ಒಪ್ಪಿಕೊಂಡೆ. ಅಕ್ಕ ಟ್ರಂಕಿನಲ್ಲಿ ಮೇಲಿದ್ದ ಡೈರಿಯೊಂದನ್ನು ತೆಗೆದುಕೊಟ್ಟಳು. "ಇದು ರಿಟೈರಾದ ವರ್ಷದ್ದು. ಇದರಾಗ ಬರೇ ಪೇಪರ್ ತಿದ್ದಿದ್ದು, ಮಂಡಿನೋವು ಅಷ್ಟ ಐತಿ. ಇದನ್ನ ಬೇಕಾದ್ರ ಓದು."

ಎರಡು ತಿಂಗಳು ಅಕ್ಕನ ಮಂಡಿನೋವನ್ನು ಟೈಪ್ ಮಾಡಿದೆ. ಯಂತ್ರ ಕಲಿಯಿತು. ಈಗ ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಕೋಣೆಯ ಬಾಗಿಲು ಹಾಕಿಕೊಂಡು, ಕ್ಯಾಮೆರಾದ ಕೆಳಗೆ ಪುಟ ಇಟ್ಟು ಗುಂಡಿ ಒತ್ತುತ್ತಾಳೆ. ಮೊದಲ ಕೆಲಸಕ್ಕೆ ಸೇರಿದ ವರ್ಷದ ಡೈರಿ ನಡೆಯುತ್ತಿದೆ ಎಂಬುದಷ್ಟೇ ನಮಗೆ ಗೊತ್ತು. ಹೊರಗೆ ಮಾತು ಕೇಳಿಸುವುದಿಲ್ಲ. ಒಮ್ಮೊಮ್ಮೆ ನಗು ಕೇಳಿಸುತ್ತದೆ, ಒಮ್ಮೊಮ್ಮೆ ಬಹಳ ಹೊತ್ತು ಏನೂ ಕೇಳಿಸುವುದಿಲ್ಲ.

ನಿನ್ನೆ ಚಹಾಕ್ಕೆಂದು ಹೊರಬಂದಾಗ ನನ್ನ ಹಳೇ ಚಾಳಿ ತಡೆಯಲಾಗದೆ ಕೇಳಿದೆ: "ಭಾಳ ನಿಧಾನ ಓದ್ತೈತಿ ಅಲ್ಲಕ್ಕಾ? ಇದಕ್ಕಿಂತ ಜೋರ್ ಓದೋದು ಬಂದೈತಂತ."

"ಏನ್ ಅವಸರ ಬಿಡೋ," ಎಂದಳು ಅಕ್ಕ. "ನನಗಿನ್ನೂ ಇಪ್ಪತ್ತೆರಡು ವರ್ಷ."

ಚಹಾದ ಲೋಟ ಹಿಡಿದು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.